ಒಂದೇ ಬೆಟ್ಟ, ಎರಡು ಕಥೆ... ಮಕ್ಕಳಿಗೆ ಎರಡನ್ನೂ ಹೇಳ್ರಪ್ಪ!

"ಎಲ್ಲಾ ಧರ್ಮಗಳ ಸಾರ ಒಂದೇ."

ಈ ವಾಕ್ಯವನ್ನು ನೀವೂ ಪರೀಕ್ಷೆಯಲ್ಲಿ ಬರೆದಿರುತ್ತೀರಿ. ನಾನಂತೂ ಹೈಸ್ಕೂಲು ಮುಗಿಯುವಷ್ಟರಲ್ಲಿ ಕಡಿಮೆ ಅಂದ್ರೂ ಇಪ್ಪತ್ತು ಸಲ ಬರೆದಿದ್ದೇನೆ. ಎರಡು ಮಾರ್ಕ್ಸ್ ಗ್ಯಾರಂಟಿ. ಬರೆದವನಿಗೂ ಏನೂ ಗೊತ್ತಿಲ್ಲ, ತಿದ್ದಿದವರಿಗೂ ಏನೂ ಬೇಕಿಲ್ಲ. ಯಾರಿಗೂ ನೋವಿಲ್ಲ, ಯಾರಿಗೂ ಲಾಭವಿಲ್ಲ. ನಮ್ಮ ಶಿಕ್ಷಣದಲ್ಲಿ ಇದಕ್ಕಿಂತ ಸೋಮಾರಿ ವಾಕ್ಯ ಇನ್ನೊಂದಿಲ್ಲ ಅಂತ ನನ್ನ ವಾದ. ಸೋಮಾರಿ ಅಷ್ಟೇ ಆಗಿದ್ರೆ ಬಿಡಬಹುದಿತ್ತು, ಅಪಾಯಕಾರಿ ಕೂಡ.

ಯಾಕೆ ಅಂತೀರಾ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿಂದಾದರೂ ಎಂಟನೇ ಕ್ಲಾಸಿನ ಒಂದು ಮಗುವನ್ನು ಕರೆದು "ಬಾಬಾಬುಡನ್‌ಗಿರಿ ಅಂದ್ರೇನು?" ಅಂತ ಕೇಳಿ ನೋಡಿ. ಹೊಸದುರ್ಗದ ಕಡೆಯವರಿಗೆ ಅದು ದೂರದ ಊರೇನಲ್ಲ. ಅಜ್ಜಂಪುರ, ತರೀಕೆರೆ ದಾಟಿದರೆ ಬೆಟ್ಟದ ಸಾಲು ಕಾಣುತ್ತೆ. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಬಾಬಾಬುಡನ್‌ಗಿರಿ ಅಂತ ಸ್ಕೂಲ್ ಟ್ರಿಪ್ ಹೋಗ್ತಾರೆ, ಪುಳಿಯೋಗರೆ ತಿಂತಾರೆ, ಮಂಜಿನಲ್ಲಿ ಫೋಟೋ ತೆಗೆಸಿಕೊಳ್ತಾರೆ, ವಾಪಸ್ ಬರ್ತಾರೆ. ಆ ಗುಹೆಗೆ ಯಾರು ಯಾಕೆ ಕೈಮುಗಿಯುತ್ತಾರೆ ಅಂತ ಹೋಗುವಾಗಲೂ ಯಾರೂ ಹೇಳಲ್ಲ, ಬರುವಾಗಲೂ ಹೇಳಲ್ಲ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದಾಗ ದತ್ತಮಾಲೆ ಹಾಕಿದವರ ಜೀಪುಗಳು ರಸ್ತೆಯಲ್ಲಿ ಹೋಗ್ತಿದ್ವು. ನಮ್ಮಕ್ಕನ ಮಗಳು, ಹದಿಮೂರು ವರ್ಷ, ಕೇಳಿದಳು: "ಮಾಮ, ಆ ಬೆಟ್ಟ ನಮ್ಮದಾ, ಅವರದಾ?"

ಒಂದು ಪವಿತ್ರ ಜಾಗದ ಬಗ್ಗೆ ಹದಿಮೂರರ ಮಗುವಿಗೆ ಹೊಳೆಯುವ ಒಂದೇ ಪ್ರಶ್ನೆ ಇದು ಅನ್ನೋದಾದ್ರೆ, ಅದು ಮಗುವಿನ ತಪ್ಪಲ್ಲ. "ಯಾರು ಏನು ನಂಬ್ತಾರೆ?" ಅನ್ನುವ ಪ್ರಶ್ನೆಯನ್ನು ನಾವು ಅವಳಿಗೆ ಕಲಿಸಿಯೇ ಇಲ್ಲ. ಸೈಟು ಯಾರ ಹೆಸರಲ್ಲಿದೆ ಅನ್ನೋ ಪ್ರಶ್ನೆ ಮಾತ್ರ ಬೀದಿಯಿಂದ ತಾನಾಗಿ ಬಂತು.

ಉತ್ತರ ಹೇಳೋದು ಅಷ್ಟೇನೂ ಕಷ್ಟವಿಲ್ಲ ಕಣ್ರೀ. ಹಿಂದೂಗಳಿಗೆ ಅದು ಅತ್ರಿ-ಅನಸೂಯೆಯರ ಮಗ ದತ್ತಾತ್ರೇಯರ ಪೀಠ, ಚಂದ್ರದ್ರೋಣ ಪರ್ವತದ ಗುಹೆ, ಅಲ್ಲಿನ ಪಾದುಕೆ ಪೂಜ್ಯ. ಮುಸ್ಲಿಮರಿಗೆ ಅದು ದಾದಾ ಹಯಾತ್ ಮೀರ್ ಖಲಂದರ್ ಎಂಬ ಸೂಫಿ ಸಂತರ ಜಾಗ, ಬಾಬಾ ಬುಡನ್ ಹೆಸರು ಹೊತ್ತ ಗಿರಿ, ಅಲ್ಲಿ ಉರುಸ್ ನಡೆಯುತ್ತೆ. ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದವರು ಬಾಬಾ ಬುಡನ್ ಅಂತ ಪ್ರತೀತಿ. ಬೆಳಿಗ್ಗೆ ಎದ್ದು ಫಿಲ್ಟರ್ ಕಾಫಿ ಕುಡಿಯುವ ನಾವೆಲ್ಲ ಆ ಕಥೆಗೆ ಸ್ವಲ್ಪ ಋಣಿಗಳೇ :-) ಇನ್ನು ಮೂರನೆಯವರೂ ಇದ್ದಾರೆ. ದತ್ತಾತ್ರೇಯರೂ ದಾದಾ ಅವರೂ ಒಬ್ಬರೇ ಅಂತ ನಂಬಿ ಬಂದವರು. ಅದನ್ನು ಒಪ್ಪದವರು ಎರಡೂ ಕಡೆ ಇದ್ದಾರೆ.

ಇದರ ಜೊತೆಗೆ ಕೋರ್ಟಿನ ಕಥೆ ಬೇರೆ. 1975ರಲ್ಲಿ ಸರ್ಕಾರ ಈ ಸಂಸ್ಥೆಯನ್ನು ಮುಜರಾಯಿಯಿಂದ ವಕ್ಫ್ ಮಂಡಳಿಗೆ ವರ್ಗಾಯಿಸಿತು. 1980ರಲ್ಲಿ ಚಿಕ್ಕಮಗಳೂರಿನ ಜಿಲ್ಲಾ ನ್ಯಾಯಾಲಯ, ಇದು ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಾಗ, ಮುಜರಾಯಿಗೇ ಸೇರಬೇಕು ಅಂತ ತೀರ್ಪು ಕೊಟ್ಟಿತು. 2018ರಲ್ಲಿ ಸರ್ಕಾರ ಮುಜಾವರರೇ ಪೂಜಾವಿಧಿ ನಡೆಸಲಿ ಅಂತ ಆದೇಶ ಮಾಡಿತು, 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮಕ್ಕಳಿಗೆ ಇದನ್ನೂ ಹೇಳಬೇಕು. ಹೇಳುವಾಗ ಒಂದು ಮಾತು ಸೇರಿಸಬೇಕು: ಆಡಳಿತ ಯಾರದ್ದು, ಪೂಜೆ ಯಾರು ಮಾಡಬೇಕು ಅನ್ನೋದನ್ನು ಕೋರ್ಟು ತೀರ್ಮಾನಿಸುತ್ತೆ. ಯಾರ ಮನಸ್ಸಲ್ಲಿ ಆ ಗುಹೆ ಏನಾಗಿದೆ ಅನ್ನೋದನ್ನು ಯಾವ ಕೋರ್ಟೂ ತೀರ್ಮಾನಿಸೋಕ್ಕಾಗಲ್ಲ.

ಈಗ "ಸಾರ ಒಂದೇ" ವಾಕ್ಯವನ್ನು ಜೆರುಸಲೇಮಿಗೆ ತಗೊಂಡು ಹೋಗಿ ನೋಡೋಣ. ಹಳೇ ಜೆರುಸಲೇಮ್ ನಗರ ಅಂದ್ರೆ ಬರೀ ಒಂದು ಚದರ ಕಿಲೋಮೀಟರಿನಷ್ಟು ಜಾಗ. ಯಹೂದಿಗಳಿಗೆ ಅದು ಅವರ ದೇವಾಲಯ ಇದ್ದ ಊರು. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಕೆಡವಿದರು, ಆ ಆವರಣದ ಪಶ್ಚಿಮದ ಗೋಡೆಯ ಮುಂದೆ ಇವತ್ತಿಗೂ ನಿಂತು ಪ್ರಾರ್ಥಿಸುತ್ತಾರೆ. ಕ್ರೈಸ್ತರಿಗೆ ಅದು ಯೇಸು ಶಿಲುಬೆಗೇರಿದ, ಸಮಾಧಿಯಿಂದ ಎದ್ದುಬಂದ ಊರು. ಮುಸ್ಲಿಮರಿಗೆ ಪ್ರವಾದಿ ಮುಹಮ್ಮದರು ಒಂದು ರಾತ್ರಿ ಸ್ವರ್ಗಾರೋಹಣ ಮಾಡಿದ ಜಾಗ. ಮೆಕ್ಕಾದ ಕಡೆ ತಿರುಗುವ ಮೊದಲು ಅವರು ನಮಾಜಿಗೆ ಮುಖ ಮಾಡುತ್ತಿದ್ದುದು ಜೆರುಸಲೇಮಿನ ಕಡೆಗೇ. ಯಹೂದಿಗಳ ದೇವಾಲಯ ಇದ್ದ ಆ ದಿಬ್ಬದ ಮೇಲೆಯೇ ಸುಮಾರು 691ರಲ್ಲಿ ಕಟ್ಟಿದ ಚಿನ್ನದ ಬಣ್ಣದ ಗುಮ್ಮಟ ನಿಂತಿದೆ.

ಸಾರ ಒಂದೇನಾ? ರಕ್ಷಕ ಇನ್ನೂ ಬರಬೇಕು ಅಂತಾರೆ ಯಹೂದಿಗಳು. ಬಂದಾಯ್ತು, ಅವನೇ ಯೇಸು ಅಂತಾರೆ ಕ್ರೈಸ್ತರು. ಈಸಾ ದೊಡ್ಡ ಪ್ರವಾದಿ, ಆದರೆ ದೇವರ ಮಗನಲ್ಲ ಅಂತಾರೆ ಮುಸ್ಲಿಮರು. ಇದರಲ್ಲಿ ಯಾವುದನ್ನು ತೆಗೆದು "ಒಂದೇ" ಮಾಡ್ತೀರಿ? ಹಾಗೆ ಮಾಡಿದರೆ ಮೂವರಿಗೂ ಅವಮಾನ. ಆದರೆ ಇದೇ ಊರಲ್ಲಿ ಯೇಸುವಿನ ಸಮಾಧಿ ಇದೆ ಅಂತ ಕ್ರೈಸ್ತರು ನಂಬುವ ಚರ್ಚಿನ ಬಾಗಿಲ ಬೀಗದ ಕೈ ನೂರಾರು ವರ್ಷಗಳಿಂದ ಮುಸ್ಲಿಂ ಮನೆತನಗಳ ಕೈಯಲ್ಲಿದೆ. ಕ್ರೈಸ್ತರ ಬೇರೆ ಬೇರೆ ಪಂಗಡಗಳು ತಮ್ಮ ತಮ್ಮಲ್ಲೇ ಜಗಳ ಆಡುವಾಗ ಬೀಗದ ಕೈ ಮಾತ್ರ ಹೊರಗಿನವರ ಹತ್ತಿರ! ನಂಬಿಕೆ ಒಂದೇ ಆಗದೆಯೂ ಬದುಕಬಹುದು ಅನ್ನೋದಕ್ಕೆ, ಅದು ಎಷ್ಟು ನಾಜೂಕಿನ ಕೆಲಸ ಅನ್ನೋದಕ್ಕೆ, ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಸರಿ, ಜೆರುಸಲೇಮ್ ಬಿಡಿ, ನಮ್ಮ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದ ಜಾಗ ಅದು ಅಂತ ಸ್ಥಳೀಯರ ನಂಬಿಕೆ. (ಆಂಧ್ರದ ಲೇಪಾಕ್ಷಿಯವರೂ, ಕೇರಳದ ಚಡಯಮಂಗಲದವರೂ ನಮ್ಮಲ್ಲೇ ಬಿದ್ದಿದ್ದು ಅಂತಾರೆ. ಪಾಪ ಜಟಾಯು!) ಬೆಟ್ಟದ ಮೇಲೆ ಶಿವನ ಗುಡಿ. ಅದೇ ಬೆಟ್ಟದ ಬಂಡೆಯ ಮೇಲೆ ಕ್ರಿ.ಪೂ. ಮೂರನೇ ಶತಮಾನದ ಅಶೋಕನ ಶಾಸನ! ತಾನು ಬುದ್ಧನ ಉಪಾಸಕ ಅಂತ ಹೇಳಿಕೊಂಡ ರಾಜ, ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ ಕೆತ್ತಿಸಿದ್ದಾನೆ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆ ಇದನ್ನೂ ಹುಡುಕಿದಾಗ, ಊರವರು ಆ ಬಂಡೆಯನ್ನು ಕರೀತಿದ್ದದ್ದು ಬಳೆಗಾರರ ಗುಂಡು ಅಂತ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕ್ತಿದ್ದ ಜಾಗ. ಅಕ್ಷರಗಳು ಸವೆದು ಹೋಗಿದ್ದವು. ಯಾರೂ ದ್ವೇಷದಿಂದ ಅಳಿಸಿದ್ದಲ್ಲ. ಕಾಲಡಿ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಆ ಬಂಡೆಯೇ ಸಾಕ್ಷಿ.

"ನಮ್ಮದನ್ನ ಮಾತ್ರ ಹೇಳಿಕೊಡಿ ಸಾಕು" ಅನ್ನುವವರಿಗೆ ಒಂದು ಪ್ರಶ್ನೆ. ನಮ್ಮದು ಅಂದ್ರೆ ಯಾವುದು ಸ್ವಾಮಿ? ಚಿತ್ರದುರ್ಗದ ಕೋಟೆ ಹತ್ತಿದರೆ ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ ಅಂತ ಗುಡಿಗಳು. ಭೀಮ ಹಿಡಿಂಬನನ್ನು ಕೊಂದ ಜಾಗ ಇದೇ ಅಂತ ಸ್ಥಳಪುರಾಣ. ಕೋಟೆಯಿಂದ ಇಳಿದು ಮುರುಘಾ ಮಠಕ್ಕೆ ಹೋದರೆ ಅದು ಶರಣರ ಪರಂಪರೆ. ಅಂಗೈಯ ಇಷ್ಟಲಿಂಗ ದೊಡ್ಡದು, ದೇಹವೇ ದೇಗುಲ ಅನ್ನುವ ದಾರಿ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಗೆ ಹೋದರೆ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ. ಅಲ್ಲಿ ಪೂಜೆಗೊಳ್ಳುವವನು ಜಗತ್ತನ್ನು ಸೃಷ್ಟಿಸಿದ ದೇವರಲ್ಲ, ತನ್ನನ್ನು ತಾನು ಗೆದ್ದ ಜಿನ. ಕಲ್ಲಿನಲ್ಲಿ ದೇವರಿದ್ದಾನೆ, ಅಂಗೈಯಲ್ಲಿದ್ದಾನೆ, ಸೃಷ್ಟಿಕರ್ತನೇ ಇಲ್ಲ. ಒಂದೇ ಜಿಲ್ಲೆಯಲ್ಲಿ ಮೂರು ಉತ್ತರ! ಇದರಲ್ಲಿ ಯಾವ "ನಮ್ಮದನ್ನು" ಸಿಲೆಬಸ್‌ಗೆ ಹಾಕೋಣ?

ಇನ್ನೊಂದು ಆಕ್ಷೇಪ: "ಮಕ್ಕಳಿಗೆ ಕನ್‌ಫ್ಯೂಸ್ ಆಗುತ್ತೆ." ಆಗಲ್ಲ. ನಮ್ಮ ಕಡೆ ಪ್ರತಿ ಮಗುವಿಗೂ ಅಪ್ಪನ ಮನೆದೇವರು ಬೇರೆ, ಅಮ್ಮನ ತವರಿನ ಮನೆದೇವರು ಬೇರೆ ಅಂತ ಗೊತ್ತು. ಯಾವ ಮಗುವೂ ಅದಕ್ಕೆ ನಿದ್ದೆಗೆಟ್ಟಿಲ್ಲ. ಹತ್ತನೇ ಕ್ಲಾಸಿಗೆ ವರ್ಗ ಸಮೀಕರಣ ಕಲಿಸ್ತೀರಿ, xಗೆ ಎರಡು ಬೆಲೆ ಅಂತೀರಿ. ಅದನ್ನು ತಡ್ಕೊಳ್ಳೋ ತಲೆ ಇದನ್ನೂ ತಡ್ಕೊಳ್ಳುತ್ತೆ. ಕನ್‌ಫ್ಯೂಸ್ ಆಗೋದು ದೊಡ್ಡವರಿಗೆ.

"ಕಾನೂನು ಬಿಡಲ್ಲ" ಅನ್ನೋರು ಇದ್ದಾರೆ. ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತೆ, ನಿಜ. ಆದರೆ ಧರ್ಮವನ್ನು ಬೋಧಿಸೋದು ಬೇರೆ, ಧರ್ಮಗಳ ಬಗ್ಗೆ ತಿಳಿಸೋದು ಬೇರೆ. ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಒಪ್ಪಿದೆ. ಕಾನೂನು ಅಡ್ಡ ಬಂದಿಲ್ಲ. ಅಡ್ಡ ಬಂದಿರೋದು ನಮ್ಮ ಹೆದರಿಕೆ.

ಮೂರನೇ ಆಕ್ಷೇಪ ಮಾತ್ರ ಗಟ್ಟಿಯಾದದ್ದು: "ಮೇಷ್ಟ್ರುಗಳೇ ಪಕ್ಷಪಾತ ಮಾಡಿದ್ರೆ?" ಮಾಡ್ತಾರೆ. ನಾನು ಓದಿದ ಒಂದು ಶಾಲೆಯಲ್ಲಿ ಒಬ್ಬ ಮೇಷ್ಟ್ರು ನಮ್ಮ ಪುರಾಣ ಹೇಳುವಾಗ "ಹೀಗಾಯಿತು" ಅಂತಿದ್ರು, ಬೇರೆಯವರದ್ದು ಹೇಳುವಾಗ "ಹೀಗಾಯಿತಂತೆ" ಅಂತ ನಗ್ತಿದ್ರು. ಕನ್ನಡದಲ್ಲಿ ಎರಡಕ್ಷರದ "ಅಂತೆ" ಸಾಕು, ಒಂದು ಧರ್ಮವನ್ನೇ ಕಂತೆ ಮಾಡಿಬಿಡಬಹುದು! ಕ್ಲಾಸಿನಲ್ಲಿದ್ದ ಇಬ್ಬರು ಮುಸ್ಲಿಂ ಹುಡುಗರು ಆಗ ತಲೆ ತಗ್ಗಿಸಿ ನೋಟ್ಸ್ ಬರೀತಿದ್ರು.

ಹಾಗಂತ ಕಲಿಸೋದನ್ನೇ ಬಿಟ್ಟರೆ ಆ "ಅಂತೆ" ಹೋಗುತ್ತಾ? ಬೀದಿಯಲ್ಲಿ, ವಾಟ್ಸಪ್ಪಿನಲ್ಲಿ ಇನ್ನೂ ಜೋರಾಗಿ ಕೇಳಿಸುತ್ತೆ. ಅದಕ್ಕೇ ನಿಯಮ ಬೇಕು. ನನ್ನ ಬುದ್ಧಿಗೆ ತೋಚಿದ ಮೂರು ಹೇಳ್ತೀನಿ.

ಒಂದು, ಪ್ರತಿ ವಾಕ್ಯದಲ್ಲೂ "ಯಾರು ನಂಬುತ್ತಾರೆ" ಅನ್ನೋದು ಇರಲೇಬೇಕು. ನಮ್ಮದಕ್ಕೂ ಅದೇ ಕ್ರಿಯಾಪದ, ಅವರದ್ದಕ್ಕೂ ಅದೇ.

ಎರಡು, ಆ ಧರ್ಮದವನೇ ಕ್ಲಾಸಿನಲ್ಲಿ ಕೂತಿದ್ದರೆ "ಹೌದು ಸಾರ್, ಸರಿಯಾಗಿ ಹೇಳಿದ್ರಿ" ಅನ್ನುವ ಹಾಗೆ ಹೇಳಬೇಕು. ಅವನು ಒಪ್ಪದಿದ್ದರೆ ಪಾಠ ಫೇಲ್.

ಮೂರು, ನಂಬಿಕೆಯ ಕಾಲಂ ಬೇರೆ, ಆಧಾರದ ಕಾಲಂ ಬೇರೆ. ಶಾಸನ, ನಾಣ್ಯ, ಕಡತ, ಕೋರ್ಟಿನ ತೀರ್ಪು ಆಧಾರದ ಕಾಲಂನಲ್ಲಿ. ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳಬೇಕಂದ್ರೆ ಡೇಟಾಬೇಸಿನಲ್ಲಿ ಟೇಬಲ್ ಒಂದೇ, ವ್ಯೂಗಳು ಹಲವು. ನಿಮ್ಮ ವ್ಯೂನಲ್ಲಿ ಕಾಣಲಿಲ್ಲ ಅಂತ ಇನ್ನೊಬ್ಬರ ವ್ಯೂ ಡಿಲೀಟ್ ಮಾಡೋ ಹಾಗಿಲ್ಲ, ಟೇಬಲ್ಲನ್ನಂತೂ ಮುಟ್ಟೋ ಹಾಗೇ ಇಲ್ಲ.

ಇದನ್ನೆಲ್ಲ ಸರ್ಕಾರ ಮಾಡಲಿ ಅಂತ ಕಾಯೋದು ಬೇಡ. ಪಠ್ಯಪುಸ್ತಕ ಅಂದ ತಕ್ಷಣ ನಮ್ಮ ರಾಜ್ಯದಲ್ಲಿ ಏನಾಗುತ್ತೆ ಅಂತ 2022ರಲ್ಲಿ ನೋಡಿದ್ದೀವಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನ ಕೋರಿಕೆ ಇಷ್ಟೇ. ಈ ವರ್ಷ ಟ್ರಿಪ್ಪಿನ ಬಸ್ಸು ಹತ್ತಿಸುವ ಮುಂಚೆ ಒಂದೇ ಒಂದು ಪೀರಿಯಡ್ ತಗೊಳ್ಳಿ. ಬೋರ್ಡಿನ ಮೇಲೆ ಕಾಲಂ ಎಳೆಯಿರಿ. ಎರಡೂ ಕಥೆ ಹೇಳಿ, ಕೋರ್ಟಿನದ್ದೂ ಹೇಳಿ. ಮನೆಯಲ್ಲಿರುವ ಅಪ್ಪ ಅಮ್ಮಂದಿರೂ ಅಷ್ಟೇ, ಊರಲ್ಲಿ ಬಾಬಯ್ಯನ ಹಬ್ಬ ಬಂದಾಗ ಕೆಂಡ ತೋರಿಸಿ ಸುಮ್ಮನಾಗಬೇಡಿ. 680ರಲ್ಲಿ ಕರ್ಬಲಾದಲ್ಲಿ ಹುಸೇನರು ಹತರಾದ ಕಥೆಯನ್ನೂ ಎರಡು ಮಾತಲ್ಲಿ ಹೇಳಿ.

ಮಕ್ಕಳು ಕೊನೆಗೆ ಯಾವುದನ್ನು ನಂಬ್ತಾರೋ ಅದು ಅವರಿಗೆ ಬಿಟ್ಟದ್ದು. ಪಕ್ಕದವನು ಏನು ನಂಬ್ತಾನೆ ಅಂತ ಗೊತ್ತಿಲ್ಲದೇ ಅವನ ಮೇಲೆ ಘೋಷಣೆ ಕೂಗುವ ಹಾಗೆ ಮಾತ್ರ ಅವರನ್ನು ಬೆಳೆಸೋದು ಬೇಡ.

ಏನಂತೀರಿ?