ಮಾತು ಮಾರುವ ಅಂಗಡಿಗಳು, ಮೌನ ಕಲಿಸುವ ಮನೆಗಳು

ಪದವಿ ಮುಗಿಸಿದ ಮಗನಿಗೋ ಮಗಳಿಗೋ ಉದ್ಯೋಗ ಸಿಗಲಿಲ್ಲವೆಂದರೆ ಪಟ್ಟಣದ ಹೆತ್ತವರಿಗೆ ಇಂದು ಸಿದ್ಧ ಪರಿಹಾರವೊಂದು ದೊರೆಯುತ್ತದೆ. 'ವ್ಯಕ್ತಿತ್ವ ವಿಕಸನ', 'ಸ್ಪೋಕನ್ ಇಂಗ್ಲಿಷ್', 'ಸಂವಹನ ಕೌಶಲ' ಎಂಬ ಫಲಕಗಳು ಪೇಟೆಯ ಮಹಡಿಗಳಲ್ಲಿ ತೂಗಾಡುತ್ತಿವೆ. ಶುಲ್ಕ ಕಟ್ಟಿದರೆ ಕೆಲವೇ ವಾರಗಳಲ್ಲಿ ಸಂಕೋಚ ಕಳೆದು ಆತ್ಮವಿಶ್ವಾಸ ತುಂಬುತ್ತದೆಂಬ ಭರವಸೆ ಬೇರೆ. ತಂದೆ ಗಲ್ಫಿನಲ್ಲಿ ಬೆವರು ಸುರಿಸಿ ಕಳುಹಿಸಿದ ಹಣ, ತಾಯಿ ಬಳೆ ಅಡವಿಟ್ಟು ತಂದ ಹಣ ಈ ಮಹಡಿಗಳನ್ನೇರುತ್ತಿದೆ. ಮಾತಿನ ಕಲೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕೊಟ್ಟ ಹಣಕ್ಕೆ ಪ್ರತಿಯಾಗಿ ಸಿಗುವುದೇನೆಂದು ಕೇಳುವ ಹಕ್ಕು ನಮಗಿದೆಯಲ್ಲವೇ?

ಇಂತಹ ತರಗತಿಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಲೆಕ್ಕವಿದೆ. ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಧ್ವನಿಯ ಪಾಲು ಶೇ. 38, ದೇಹಭಾಷೆಯ ಪಾಲು ಶೇ. 55 ಎಂಬುದೇ ಆ ಲೆಕ್ಕ. ಇದರ ಮೂಲ 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಸಹೋದ್ಯೋಗಿಗಳೊಂದಿಗೆ ನಡೆಸಿದ ಎರಡು ಸಣ್ಣ ಪ್ರಯೋಗಗಳು. ಒಂದೊಂದು ಪದವನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖಭಾವದ ಚಿತ್ರಗಳನ್ನು ತೋರಿಸಿ, ಆಡುವವನಿಗೆ ಪ್ರೀತಿಯಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದಷ್ಟೇ ಅಲ್ಲಿ ನಡೆದದ್ದು. ಭಾವನೆ ಮತ್ತು ಮನೋಭಾವಗಳ ಮಾತಿಗಷ್ಟೇ ಈ ಲೆಕ್ಕ ಅನ್ವಯಿಸುತ್ತದೆಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಪದಗಳಿಗೆ ಶೇ. 7ರಷ್ಟೇ ಬೆಲೆ ಇರುವುದಾದರೆ, ತಿಳಿಯದ ಭಾಷೆಯಲ್ಲಿ ಆಡಿದ ಭಾಷಣವೂ ನಮಗೆ ಶೇ. 93ರಷ್ಟು ಅರ್ಥವಾಗಬೇಕಿತ್ತು!

ಹಾಗಿದ್ದರೂ ಈ ಲೆಕ್ಕ ಜೀವಂತವಾಗಿರಲು ಕಾರಣ ಸರಳ. ವಿಷಯಜ್ಞಾನವನ್ನು ಆರು ವಾರಗಳಲ್ಲಿ ಮಾರಲಾಗದು. ಕೈಕುಲುಕುವ, ಟೈ ಕಟ್ಟುವ, ಮುಗುಳ್ನಗುವ ರೀತಿಯನ್ನು ಮಾರಬಹುದು. ಪರಿಣಾಮವಾಗಿ ನಮ್ಮ ಯುವಕ ಬಾಯಿಪಾಠದ ನಾಲ್ಕು ಇಂಗ್ಲಿಷ್ ವಾಕ್ಯಗಳೊಂದಿಗೆ ಸಂದರ್ಶನಕ್ಕೆ ಹೋಗುತ್ತಾನೆ. ಐದನೆಯ ವಾಕ್ಯಕ್ಕೆ, ಅಂದರೆ ತಾನು ಕಲಿತ ವಿಷಯದ ಕುರಿತ ಮೊದಲ ಪ್ರಶ್ನೆಗೆ, ಮೌನಿಯಾಗುತ್ತಾನೆ.

ಇಂಗ್ಲಿಷ್ ಅನಗತ್ಯವೆಂದು ಯಾರೂ ಭಾವಿಸಬೇಕಾಗಿಲ್ಲ. ಅನೇಕ ಖಾಸಗಿ ಉದ್ಯೋಗಗಳ ಬಾಗಿಲು ಅದರಿಂದಲೇ ತೆರೆಯುತ್ತದೆ. ಆದರೆ ಭಾಷೆ ವರ್ಷಗಳ ಓದು ಬರಹದಿಂದ ಬರುವಂಥದ್ದು. ಅದನ್ನೇ ವ್ಯಕ್ತಿತ್ವವೆಂದು ಬಿಂಬಿಸುವುದು ವಂಚನೆ. ಯುಪಿಎಸ್‌ಸಿಯ ಸಿವಿಲ್ ಸೇವಾ ಪರೀಕ್ಷೆಯಲ್ಲಿ 'ವ್ಯಕ್ತಿತ್ವ ಪರೀಕ್ಷೆ'ಗೆ ಇರುವುದು 2025ರಲ್ಲಿ 275 ಅಂಕಗಳು. ಉಳಿದ 1750 ಅಂಕಗಳು ಲಿಖಿತ ಪರೀಕ್ಷೆಯವು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಕೇಂದ್ರ ಸರಕಾರವಂತೂ 'ಸಿ' ಗುಂಪಿನ ಮತ್ತು 'ಬಿ' ಗುಂಪಿನ ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಟ್ಟಿದೆ. ಇಂತಹ ಹುದ್ದೆಗಳ ಆಕಾಂಕ್ಷಿಗೆ ಕೈಕುಲುಕುವ ತರಬೇತಿ ಯಾವ ಪುರುಷಾರ್ಥಕ್ಕೆ?

ಈ ಉದ್ಯಮ ಮರೆಮಾಚುವ ಕಹಿಸತ್ಯ ಮತ್ತೊಂದಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪೆನಿಗಳಿಗೆ ಕಳುಹಿಸಲಾಗಿತ್ತು. ಮೇಲ್ಜಾತಿಯ ಹೆಸರುಗಳಿಗೆ ಹೋಲಿಸಿದರೆ ದಲಿತ ಮತ್ತು ಮುಸ್ಲಿಮ್ ಹೆಸರುಗಳಿಗೆ ಕರೆ ಬರುವ ಸಂಭವ ಕಡಿಮೆಯಿತ್ತು. ಬಾಯಿ ತೆರೆಯುವ ಮುನ್ನವೇ ಹೆಸರು ನೋಡಿ ಬದಿಗೆ ಸರಿಸಲ್ಪಟ್ಟವನಿಗೆ 'ನಿನ್ನ ದೇಹಭಾಷೆ ಸರಿಯಿಲ್ಲ' ಎನ್ನುವುದು ಅನ್ಯಾಯಕ್ಕೆ ಒಳಗಾದವನನ್ನೇ ಅಪರಾಧಿಯಾಗಿಸಿದಂತೆ. ತಾರತಮ್ಯದ ವಿರುದ್ಧ ದನಿಯೆತ್ತಲೇಬೇಕು. ಆದರೆ ಅದನ್ನೇ ನೆಪವಾಗಿಸಿ ಸಿದ್ಧತೆಯಿಂದ ನುಣುಚಿಕೊಳ್ಳುವುದೂ ಸಲ್ಲದು. ಕರೆ ಬಂದ ದಿನ ಕೆಲಸ ಬಲ್ಲವನಾಗಿ ನಿಲ್ಲುವ ಹೊಣೆ ನಮ್ಮದೇ.

ಹಾಗಾದರೆ ಉದ್ಯೋಗಕ್ಕೆ ಬೇಕಾದ ನಿಜವಾದ ಸಂವಹನ ಯಾವುದು? ಪಾಳಿ ಮುಗಿಸುವ ದಾದಿ ಮುಂದಿನವಳಿಗೆ ರೋಗಿಯ ಸ್ಥಿತಿಯನ್ನೂ ಔಷಧದ ಪ್ರಮಾಣವನ್ನೂ ತಪ್ಪಿಲ್ಲದೆ ತಿಳಿಸುವುದು. ಮೆಕ್ಯಾನಿಕ್ ವಾಹನದ ದೋಷವನ್ನು ಮಾಲಿಕನಿಗೆ ಅರ್ಥವಾಗುವಂತೆ ವಿವರಿಸುವುದು. ಕೇಳಿದ ಪ್ರಶ್ನೆಗೆ ಅರ್ಧ ಪುಟದಲ್ಲಿ ಸ್ಪಷ್ಟವಾಗಿ ಉತ್ತರ ಬರೆಯುವುದು. 'ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ' ಎನ್ನುವ ಪ್ರಾಮಾಣಿಕತೆ. ಎಲ್ಲಕ್ಕಿಂತ ಮಿಗಿಲಾಗಿ, ಎದುರಿನವನ ಮಾತನ್ನು ಪೂರ್ತಿಯಾಗಿ ಕೇಳುವ ಸಹನೆ. 1912ರಲ್ಲಿ ನ್ಯೂಯಾರ್ಕಿನಲ್ಲಿ ಭಾಷಣ ತರಗತಿ ಆರಂಭಿಸಿದ ಡೇಲ್ ಕಾರ್ನೆಗಿ ಕೂಡಾ 1936ರ ತಮ್ಮ ಖ್ಯಾತ ಕೃತಿಯಲ್ಲಿ, ಜನರ ಮನಗೆಲ್ಲುವ ದಾರಿಗಳಲ್ಲಿ ಚೆನ್ನಾಗಿ ಆಲಿಸುವುದನ್ನು ಸೇರಿಸಿದ್ದರು. ಅವರ ಹೆಸರು ಹೇಳಿ ಬದುಕುವ ಅಂಗಡಿಗಳಲ್ಲಿ ಆಲಿಸುವ ಪಾಠ ಎಷ್ಟು ಹೊತ್ತು ನಡೆಯುತ್ತದೆ?

ಈಗ ನಮ್ಮ ಮನೆಗಳತ್ತ ನೋಡೋಣ. ಮಗು ಪ್ರಶ್ನೆ ಕೇಳಿದರೆ 'ಬಾಯಿ ಮುಚ್ಚು' ಎನ್ನುತ್ತೇವೆ. ಹಿರಿಯರ ಮುಂದೆ ಅಭಿಪ್ರಾಯ ಹೇಳಿದರೆ ಉದ್ಧಟತನವೆಂದು ಗದರುತ್ತೇವೆ. ಹೆಣ್ಣುಮಗಳ ಮಾತಿಗಂತೂ ಇನ್ನಷ್ಟು ಬೇಲಿಗಳು. ಇಪ್ಪತ್ತು ವರ್ಷ ಮೌನವನ್ನು ಅಭ್ಯಾಸ ಮಾಡಿಸಿ, ಇಪ್ಪತ್ತೊಂದನೆಯ ವರ್ಷ ಮಾತು ಕಲಿಸಲು ದುಡ್ಡು ಕೊಡುವುದು ಎಂತಹ ವಿಪರ್ಯಾಸ! ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಬಳಸುವ ನಮ್ಮ ಮಕ್ಕಳಿಗೆ ಭಾಷಾ ಸಂಪತ್ತಿನ ಕೊರತೆಯಿಲ್ಲ. ಕೊರತೆಯಿರುವುದು ಒಂದಾದರೂ ಭಾಷೆಯಲ್ಲಿ ಸ್ಪಷ್ಟವಾಗಿ ಬರೆಯುವ, ವಾದಿಸುವ ಅಭ್ಯಾಸದ್ದು.

1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಪಟ್ಟಣದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಟೋಸ್ಟ್‌ಮಾಸ್ಟರ್ಸ್ ಕೂಟವನ್ನು ಆರಂಭಿಸಿದರು. ಒಬ್ಬರು ಕೆಲವು ನಿಮಿಷ ಮಾತನಾಡುವುದು, ಉಳಿದವರು ಗಮನವಿಟ್ಟು ಕೇಳಿ ಗುಣದೋಷ ತಿಳಿಸುವುದು, ಇಷ್ಟೇ ಅದರ ವಿಧಾನ. ಇದಕ್ಕೆ ಮಹಡಿಯೂ ಬೇಡ, ದುಬಾರಿ ಶುಲ್ಕವೂ ಬೇಡ. ಮೊಹಲ್ಲಾದ ಒಂದು ಸಭಾಂಗಣ, ಒಂದು ಗಡಿಯಾರ, ವಾರಕ್ಕೊಂದು ಸಂಜೆ, ದಿನಪತ್ರಿಕೆಯ ಒಂದು ವಿಷಯ ಸಾಕು. ನಿವೃತ್ತ ಶಿಕ್ಷಕರೊಬ್ಬರು ಅಧ್ಯಕ್ಷರಾಗಲಿ. ಹೆಣ್ಣುಮಕ್ಕಳಿಗೂ ಅಲ್ಲಿ ಸಮಾನ ಅವಕಾಶವಿರಲಿ. ಮದುವೆ ಮಂಟಪಗಳಿಗೆ ಲಕ್ಷಗಟ್ಟಲೆ ಸುರಿಯಬಲ್ಲ ನಮಗೆ ಇಷ್ಟು ಮಾಡಲಾಗದೇ? ಮಕ್ಕಳ ನಾಲಿಗೆಗೆ ಬೆಲೆ ಕಟ್ಟುವವರನ್ನು ಹುಡುಕಿ ಅಲೆಯುವ ಮುನ್ನ, ಅವರ ಮಾತಿಗೆ ಕಿವಿಗೊಡುವವರು ನಾವಾಗೋಣ.