ಸ್ಟಾಫ್ ರೂಮಿಗೊಂದು ಕಂಪ್ಲೇಂಟ್ ಪುಸ್ತಕ | ಊರ ಲೆಕ್ಕ, ಭಾಗ 6

ಈ ಸಲ ನನ್ನದೇ ತಪ್ಪಿನ ಕಥೆ ಫ್ರೆಂಡ್ಸ್. ಉದ್ದ ಇದೆ, ಸೇವ್ ಮಾಡ್ಕೊಂಡು ಆಮೇಲಾದ್ರೂ ಓದಿ.

ನಮ್ಮ ದೊಡ್ಡಮಳೂರು ಕಡೆ ಒಂದು ಶಾಲೆ. ಹೆಸರು ಬೇಡ. ಅಲ್ಲಿರೋ ಮಿಸ್ ಒಬ್ರು ನನಗೆ ಪಾಠ ಹೇಳಿದವರು. ಕಂಪ್ಯೂಟರ್ ಕೈಕೊಟ್ಟಾಗೆಲ್ಲ ನನಗೇ ಫೋನ್. "ಏನಪ್ಪ, ಕಾಲೇಜಿಂದ ಬರೋವಾಗ ಒಂದೈದು ನಿಮಿಷ ಬಂದು ಹೋಗ್ತೀಯಾ?" ನಾನು ಓದ್ತಿರೋದು ಬಿಕಾಂ. ಆದ್ರೆ ಊರವರ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡವರೆಲ್ಲ ಇಂಜಿನಿಯರ್‌ಗಳೇ.

ಒಂದಿನ ಮಿಸ್ ವಾಯ್ಸ್ ಮೆಸೇಜ್ ಹಾಕಿದ್ರು, ಸ್ಕ್ರೀನ್ ಬರ್ತಾ ಇಲ್ಲ ಅಂತ. ನಾನು ಬಸ್ಸಲ್ಲಿ ನೇತಾಡ್ತಿದ್ದೆ. "ಸರಿ ಮಿಸ್" ಅಂತ ಟೈಪ್ ಮಾಡ್ದೆ, ಮರೆತೇ ಬಿಟ್ಟೆ. ನಾನು ಬರ್ತೀನಿ ಅಂತ ಮಿಸ್ ಬೇರೆ ಯಾರಿಗೂ ಹೇಳಲಿಲ್ಲ. ಮಿಸ್ ಯಾರಿಗೋ ಹೇಳಿರ್ತಾರೆ ಅಂತ ಹೆಡ್‌ಮಾಸ್ಟರ್ ಸುಮ್ಮನಿದ್ರು. ಹೀಗೇ ಒಂಬತ್ತು ದಿನ ಹೋಯ್ತು.

ಅದೇ ಒಂಬತ್ತು ದಿನದಲ್ಲಿ ಒಬ್ಬ ಹುಡುಗಿಯ ಅಪ್ಪ ಎರಡು ಸಲ ಕೂಲಿ ಬಿಟ್ಟು ಶಾಲೆಗೆ ಬಂದಿದ್ರು. ಆಧಾರ್‌ನಲ್ಲಿ ಮಗಳ ಹೆಸರು ಒಂಥರ, ಸ್ಯಾಟ್ಸ್‌ನಲ್ಲಿ ಒಂಥರ. ಅದು ಸರಿಹೋಗದೆ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೆ ಹೋಗ್ತಿರಲಿಲ್ಲ. ಎರಡು ಸಲವೂ ಸಿಕ್ಕ ಉತ್ತರ ಒಂದೇ: "ಕಂಪ್ಯೂಟರ್ ಕೆಟ್ಟಿದೆ, ನಾಳೆ ಬನ್ನಿ." ಕೊನೆ ದಿನ ಹತ್ತಿರ ಬಂದಾಗ ಮಿಸ್ಸೇ ಚನ್ನಪಟ್ಟಣದ ಸೈಬರ್ ಸೆಂಟರ್‌ಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು, ಶಾಲೆ ಪಾಸ್‌ವರ್ಡನ್ನ ಯಾರದೋ ಕಂಪ್ಯೂಟರಲ್ಲಿ ಹಾಕಿ ಕೆಲಸ ಮುಗಿಸಿದ್ರು.

ಹತ್ತನೇ ದಿನ ನಾನು ಹೋದೆ. ಮಾನಿಟರ್ ಹಿಂದಿನ ಕೇಬಲ್ ಸಡಿಲ ಆಗಿತ್ತು. ಒತ್ತಿದೆ, ಸ್ಕ್ರೀನ್ ಬಂತು. ಎರಡು ನಿಮಿಷದ ಕೆಲಸ. ಮಿಸ್ ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ರೆ ವಾಸಿ ಇತ್ತು.

ಇದರಲ್ಲಿ ಸೋಮಾರಿಗಳು ಯಾರು? ನನ್ನ ಬಿಟ್ರೆ ಯಾರೂ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಕಂಪ್ಯೂಟರ್ ಕೆಟ್ಟಿದ್ದು ದೊಡ್ಡ ವಿಷಯವೇ ಅಲ್ಲ. ಆ ದೂರಿಗೆ ಒಂದು ನಂಬರ್ ಇರಲಿಲ್ಲ, ಒಂದು ತಾರೀಖು ಇರಲಿಲ್ಲ, "ಇದು ನನ್ನ ಕೆಲಸ" ಅಂತ ಬರೆದುಕೊಂಡ ಒಂದು ಹೆಸರು ಇರಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ನಮ್ಮ ಸುತ್ತ ನೋಡಿ. ಡೈರಿಗೆ ಹಾಲು ಹಾಕಿದ್ರೆ ಎಷ್ಟು ಲೀಟರ್ ಅಂತ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೀತಾರೆ. ರಾಮನಗರದ ಮಾರ್ಕೆಟ್‌ಗೆ ರೇಷ್ಮೆ ಗೂಡು ತಗೊಂಡು ಹೋದ್ರೆ ಲಾಟ್ ನಂಬರ್ ಬೀಳುತ್ತೆ. ಕರೆಂಟ್ ಹೋಗಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿದ್ರೆ ದೂರು ದಾಖಲಾಗುತ್ತೆ. ಸಕಾಲ ಕಾಯ್ದೆ ಬಂದಿದ್ದು 2011ರಲ್ಲಿ. ಅದರಲ್ಲಿ ಅರ್ಜಿಗೊಂದು ನಂಬರ್ ಉಂಟು, ಇಷ್ಟು ದಿನದಲ್ಲಿ ಆಗಬೇಕು ಅನ್ನೋ ಗಡುವೂ ಉಂಟು. ಮಕ್ಕಳ ದಾಖಲಾತಿ, ಟಿಸಿ ಎಲ್ಲ ಸ್ಯಾಟ್ಸ್ ಮೇಲೆ ನಿಂತಿರೋ ಶಾಲೆಯಲ್ಲಿ ಮಾತ್ರ ಕಂಪ್ಯೂಟರ್ ಕೆಟ್ರೆ ಬಾಯಿಮಾತು. ಇಲ್ಲಾಂದ್ರೆ ವಾಟ್ಸಾಪ್ ಗ್ರೂಪು. ಅಲ್ಲಿ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ದೂರು ಹೂತು ಹೋಗುತ್ತೆ.

ಹಾಗಾದ್ರೆ ಗೂಗಲ್ ಫಾರ್ಮ್ ಮಾಡಿಬಿಡೋಣ ಅಂತೀರಾ? ನಾನೂ ಮೊದಲು ಅದೇ ಅಂದ್ಕೊಂಡೆ. ಆದ್ರೆ ಕೆಟ್ಟಿರೋದೇ ಕಂಪ್ಯೂಟರ್ರೋ ನೆಟ್ಟೋ ಆದಾಗ ಫಾರ್ಮ್ ತೆಗೆಯೋದು ಎಲ್ಲಿ? ಅದಕ್ಕೇ ಮೊದಲು ಒಂದು ಗೆರೆ ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ಆರು ಕಾಲಂ ಸಾಕು:

1. ದೂರಿನ ನಂಬರ್
2. ತಾರೀಖು, ಹೇಳಿದವರ ಹೆಸರು
3. ಯಾವ ಮಷೀನು, ಏನಾಗ್ತಿದೆ (ಕಂಡಿದ್ದನ್ನ ಕಂಡ ಹಾಗೆ, ಕನ್ನಡದಲ್ಲೇ)
4. ಯಾವ ಕೆಲಸ ನಿಂತಿದೆ, ಅದಕ್ಕೆ ಕೊನೆ ದಿನ ಯಾವಾಗ
5. ಯಾರು ಒಪ್ಕೊಂಡ್ರು
6. ಸರಿಹೋದ ದಿನ, ಏನು ಮಾಡಿದ್ದು

ಬರೆದ ಪುಟದ ಫೋಟೋ ತೆಗೆದು ಒಪ್ಕೊಂಡವರಿಗೆ ಕಳಿಸೋದು. ಎರಡು ದಿನ ಕಳೆದ್ರೂ ಆರನೇ ಕಾಲಂ ಖಾಲಿ ಇದ್ರೆ ಹೆಡ್‌ಮಾಸ್ಟರ್ ಬೇರೆಯವರನ್ನ ಕರೆಸೋದು. ಪಾಸ್‌ವರ್ಡ್, ಓಟಿಪಿ ಮಾತ್ರ ಪುಸ್ತಕದಲ್ಲಿ ಬರೆಯೋ ಹಾಗಿಲ್ಲ. ನಾಲ್ಕನೇ ಕಾಲಮ್ಮೇ ಮುಖ್ಯ. "ಸ್ಕ್ರೀನ್ ಬರ್ತಿಲ್ಲ" ಅಂದ್ರೆ ನಾನು ನಾಳೆ ಅಂತೀನಿ. "ಒಂದು ಹುಡುಗಿಯ ಸ್ಕಾಲರ್‌ಶಿಪ್ ನಿಂತಿದೆ" ಅಂದಿದ್ರೆ ಬಸ್ ಇಳಿದು ಸೀದಾ ಹೋಗ್ತಿದ್ದೆ.

"ಇನ್ನೊಂದು ರಿಜಿಸ್ಟರಾ? ಇರೋದೇ ಬರೆದು ಮುಗೀತಿಲ್ಲ" ಅಂದ್ರು ಒಬ್ರು ಸರ್. ನ್ಯಾಯವಾದ ಮಾತು. ಹಾಲು, ಊಟ, ಹಾಜರಿ ಎಲ್ಲಕ್ಕೂ ಲೆಕ್ಕ ಬರೆಯೋದು ಅವರೇ. ಆದ್ರೆ ಬೇರೆ ರಿಜಿಸ್ಟರೆಲ್ಲ ಮೇಲಿನವರಿಗೆ ತೋರಿಸೋಕೆ, ಇದೊಂದು ಅವರಿಗೋಸ್ಕರ. ಯುಪಿಎಸ್ ವರ್ಷಕ್ಕೆ ಏಳು ಸಲ ಕೈಕೊಟ್ಟಿದೆ ಅಂತ ಬರವಣಿಗೆಯಲ್ಲಿ ಇದ್ರೆ ಎಸ್‌ಡಿಎಂಸಿ ಸಭೆಯಲ್ಲಿ ಹೊಸದು ಕೇಳೋಕೆ ಬಾಯಿ ಬರುತ್ತೆ. ಕಾಮರ್ಸ್‌ನವರಿಗೆ ಬಿಡಿಸಿ ಹೇಳಬೇಕಾ? ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಒಪ್ಪಲ್ಲ.

ಪಕ್ಕದ ಕೇರಳದಲ್ಲಿ ಇದಕ್ಕೆ ಕೈಟ್ ಅನ್ನೋ ಸರ್ಕಾರಿ ಸಂಸ್ಥೆಯೇ ಇದೆ. 2018ರಲ್ಲಿ ಶಾಲೆ ಮಕ್ಕಳದ್ದೇ ಲಿಟಲ್ ಕೈಟ್ಸ್ ಕ್ಲಬ್ ಶುರು ಮಾಡಿದ್ರು. ನಮ್ಮಲ್ಲೂ ಅಂಥದ್ದು ಬರಲಿ. ಬರೋವರೆಗೆ ನೋಟ್‌ಬುಕ್‌ಗೆ ಯಾರ ಆರ್ಡರೂ ಬೇಕಾಗಿಲ್ಲ.

ಹೋದ ವಾರ ಒಂದು ಪುಸ್ತಕ ತಗೊಂಡು ಹೋಗಿ ಮಿಸ್ ಕೈಗೆ ಕೊಟ್ಟೆ. ಮೊದಲನೇ ಸಾಲು ನಾನೇ ಬರೆದೆ: ನಂಬರ್ 1, ಕೇಬಲ್ ಸಡಿಲ, ಒಪ್ಕೊಂಡವರು ನಾನು, ತಗೊಂಡ ಸಮಯ ಹತ್ತು ದಿನ. ಮಿಸ್ ಓದಿ ನಕ್ಕರು. ಈಗ ನಂಬರ್ 4ರ ತನಕ ಬಂದಿದೆ, ಮೂರು ಮುಗಿದಿದೆ. ನಾಲ್ಕನೇದು ಪ್ರಿಂಟರ್, ಶನಿವಾರ ಹೋಗ್ತೀನಿ.

ನೀವು ಓದಿದ ಶಾಲೆಗೂ ಒಂದು ಸಲ ಹೋಗಿ ಬನ್ನಿ. ಕೈಯಲ್ಲಿ ನೋಟ್‌ಬುಕ್ ಇರಲಿ. ಐದನೇ ಕಾಲಮ್ಮಲ್ಲಿ ನಿಮ್ಮ ಹೆಸರು ಬರೆದು ಬಂದ್ರೆ ಕಾಮೆಂಟಲ್ಲಿ ಹೇಳಿ.

#ಊರಲೆಕ್ಕ #ದೊಡ್ಡಮಳೂರು #ಚನ್ನಪಟ್ಟಣ #ನಮ್ಮಶಾಲೆ