ಮಿಲ್ ಮಠ, ಎಂಎಂ ಮಠ

ಪಿಸಿಬಿ ಡಿಸೈನ್ ಮಾಡುವವರಲ್ಲಿ ಎರಡು ಮಠಗಳಿವೆ. ಒಂದು ಮಿಲ್ ಮಠ, ಇನ್ನೊಂದು ಎಂಎಂ ಮಠ. ಮಿಲ್ ಅಂದರೆ ಮಿಲಿಮೀಟರ್ ಅಲ್ಲ ಸ್ವಾಮಿ, ಇಂಚಿನ ಸಾವಿರದಲ್ಲೊಂದು ಭಾಗ; 0.0254 ಮಿಲಿಮೀಟರ್. ಹಳಬರ ಬಾಯಲ್ಲಿ ಟ್ರೇಸ್ ಅಗಲ ಇವತ್ತಿಗೂ 8 ಮಿಲ್, 10 ಮಿಲ್. ಹೊಸಬರು "ಇನ್ನೂ ಇಂಚು ಹಿಡ್ಕೊಂಡು ಕೂತಿದ್ದೀರಲ್ಲ" ಅಂತ ಮೂಗು ಮುರಿಯುತ್ತಾರೆ. ಯಾವ ಮಠ ಗೆದ್ದರೂ ಕೊನೆಗೆ ಹೊರಡುವ ಫರ್ಮಾನು ಮಾತ್ರ ಒಂದೇ: "ನಮ್ಮ ಟೀಮಲ್ಲಿ ಒಂದೇ ಯೂನಿಟ್, ಎಲ್ಲವನ್ನೂ ಅದಕ್ಕೇ ಬದಲಾಯಿಸಿ." ನನ್ನ ತಕರಾರು ಇರೋದು ಈ ಫರ್ಮಾನಿನ ಮೇಲೆ.

ಬೋರ್ಡ್ ಮೇಲೆ ಕೂರುವ ಬಿಡಿಭಾಗಗಳು ನಮ್ಮ ಫರ್ಮಾನು ಓದಿ ಹುಟ್ಟಿದವಲ್ಲ. ಡಿಐಪಿ ಐಸಿಯ ಕಾಲುಗಳ ಅಂತರ 100 ಮಿಲ್. ಎಷ್ಟೋ ಕ್ಯೂಎಫ್‌ಪಿ ಐಸಿಗಳದ್ದು 0.5 ಮಿಲಿಮೀಟರ್. ತಾಮ್ರದ ದಪ್ಪವನ್ನಂತೂ ಔನ್ಸ್‌ನಲ್ಲಿ ಹೇಳ್ತಾರೆ. ಬೆಂಗಳೂರಲ್ಲಿ 30-40 ಅಡಿ ಸೈಟಿನಲ್ಲಿ 12 ಎಂಎಂ ಕಂಬಿ ಹಾಕಿ ಮನೆ ಕಟ್ಟುವ ಮೇಸ್ತ್ರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲ್ಲ. ಕಂಬಿಯ ಲೆಕ್ಕವನ್ನು ಆತ ಅಡಿಗೆ ಬದಲಾಯಿಸೋಕೆ ಹೋಗಲ್ಲ.

ನಾವು ಹೋಗ್ತೀವಿ. 0.5 ಮಿಲಿಮೀಟರ್ ಅಂದರೆ 19.685 ಮಿಲ್. ಕ್ಯಾಲ್ಕ್ಯುಲೇಟರ್ ಹಿಡಿದ ಜೂನಿಯರ್ "20 ಅಂತಿಟ್ಕೊಳ್ಳೋಣ" ಅಂತಾನೆ. ಒಂದು ಅಂತರಕ್ಕೆ ವ್ಯತ್ಯಾಸ 0.008 ಮಿಲಿಮೀಟರ್, ಕೂದಲಿಗಿಂತ ಎಷ್ಟೋ ಸಣ್ಣದು. ಆದರೆ 208 ಕಾಲಿನ ಐಸಿಗೆ ಬದಿಗೆ 52 ಕಾಲು, ನಡುವೆ 51 ಅಂತರ, ಒಟ್ಟು 0.408. ಐಸಿಯನ್ನು ಸರಿಯಾಗಿ ನಡುವೆ ಕೂರಿಸಿದರೂ ತುದಿಯ ಕಾಲುಗಳು 0.2 ಮಿಲಿಮೀಟರ್ ಆಚೀಚೆ. 0.3 ಅಗಲದ ಪ್ಯಾಡ್ ಇಟ್ಟಿದ್ದರೆ, ಪಕ್ಕದ ಪ್ಯಾಡಿಗೆ ಇರುವ ಸಂದೇ ಅಷ್ಟು! ಮೆಟ್ರಿಕ್ ಮಠದವರೂ ಬೀಗಬೇಕಿಲ್ಲ. 2.54 ಅನ್ನು 2.5 ಮಾಡಿದರೆ 40 ಕಾಲಿನ ಡಿಐಪಿಯಲ್ಲಿ ತುದಿಯಿಂದ ತುದಿಗೆ 0.76 ಮಿಲಿಮೀಟರ್ ಹೋಯ್ತು. ಬೋರ್ಡ್ ಕಸಕ್ಕೆ, ಬೈಗುಳ ಜೂನಿಯರ್‌ಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿಲ್ವಾ?" ಅಂತ ಕೇಳುವವರಿದ್ದಾರೆ. ನೆನಪಿದೆ. 1999ರಲ್ಲಿ ಆ ನೌಕೆ ನಾಶವಾದಾಗಲೂ ಮೆಟ್ರಿಕ್ ಬಳಸಿ ಎಂಬ ನಿಯಮ ಕಾಗದದ ಮೇಲೆ ಇತ್ತು. ಆದರೂ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಎಂದೇ ನಂಬಿತು. ಕೊಂದದ್ದು ಎರಡು ಯೂನಿಟ್ ಅಲ್ಲ, ಯೂನಿಟ್ ಇಲ್ಲದ ಬೋಳು ಅಂಕಿ. ನಮ್ಮಲ್ಲೂ ಅದೇ ಕತೆ. 0603 ಅನ್ನೋ ರೆಸಿಸ್ಟರ್ ಇಂಚಿನ ಸಂಕೇತದಲ್ಲಿ 1.6 × 0.8 ಮಿಲಿಮೀಟರ್, ಮೆಟ್ರಿಕ್ ಸಂಕೇತದಲ್ಲಿ 0.6 × 0.3. ಯಾವ ಸಂಕೇತ ಅಂತ ಬರೆಯದೆ ಆರ್ಡರ್ ಮಾಡಿ ನೋಡಿ.

ಬದಲಾಯಿಸುವ ಕೆಲಸ ಮನುಷ್ಯರದ್ದೇ ಅಲ್ಲ. ಕಿಕ್ಯಾಡ್ ಒಳಗೊಳಗೇ ನ್ಯಾನೋಮೀಟರ್‌ನಲ್ಲಿ ಲೆಕ್ಕ ಇಡುತ್ತೆ: ಒಂದು ಮಿಲ್ ಸರಿಯಾಗಿ 25,400, ಒಂದು ಮಿಲಿಮೀಟರ್ ಸರಿಯಾಗಿ 10 ಲಕ್ಷ. ಎರಡೂ ಪೂರ್ಣಾಂಕ. ಪರದೆ ಮಿಲ್ ತೋರಿಸುತ್ತಿದ್ದರೂ ಅಂಕಿಯ ಪಕ್ಕ ಎಂಎಂ ಅಂತ ಟೈಪ್ ಮಾಡಿದರೆ ಅದಕ್ಕೆ ಅರ್ಥವಾಗುತ್ತೆ. ಸಾಫ್ಟ್‌ವೇರ್‌ಗೆ ಇರುವಷ್ಟು ಸೈರಣೆ ಮ್ಯಾನೇಜರ್‌ಗೆ ಯಾಕಿಲ್ಲ?

ಆದ್ದರಿಂದ ಫರ್ಮಾನು ಹೊರಡಿಸಲೇಬೇಕು ಅಂದರೆ ಇದನ್ನು ಹೊರಡಿಸಿ: ಡೇಟಾಶೀಟ್ ಯಾವ ಯೂನಿಟ್‌ನಲ್ಲಿದೆಯೋ ಅದರಲ್ಲೇ ಅಂಕಿ ತುಂಬಿ. ಪರದೆಯಲ್ಲಿ ಕಾಣುವ 19.7 ಅನ್ನು ನಕಲು ಮಾಡಬೇಡಿ, ಅದು ತೋರಿಕೆಗೆ ದುಂಡಾಗಿಸಿದ್ದು. ಡ್ರಾಯಿಂಗ್ ಇರಲಿ, ಮೇಲ್ ಇರಲಿ, ಫೋನ್ ಇರಲಿ, ಯೂನಿಟ್ ಹೇಳದ ಅಂಕಿಯನ್ನು ಯಾರೇ ಕೊಟ್ಟರೂ ವಾಪಸ್ ಕಳಿಸಿ. ಕೊಟ್ಟವರು ಬಾಸ್ ಆಗಿದ್ದರೂ ಸರಿಯೇ.